ಯೆಲ್ಲೆಯ ಎಡಗೈ

ಶನಿವಾರ, ೧೨ ಅಕ್ಟೋಬರ್, ಲೊಮ್ಮೆಲ್, ಬೆಲ್ಜಿಯಂ

ನಿದ್ದೆ ಬರ್ತಿಲ್ಲ. ಕಣ್ಣು ಮುಚ್ಚಿದರೆ ಯೆಲ್ಲೆಯ ಎಡಗೈಯೇ ಕಾಣುತ್ತೆ.

ನಾಳೆ ಇಲ್ಲಿನ ಮರಳು ಟ್ರ್ಯಾಕ್‌ನಲ್ಲಿ ಅವನ ಕಮ್‌ಬ್ಯಾಕ್ ಮೋಟೋಕ್ರಾಸ್ ಬೈಕ್ ರೇಸ್. ಬೆನ್ನುಮೂಳೆ ಮುರಿದಾಗ, ಇನ್ನು ಬೈಕ್ ಹತ್ತುವ ಹಾಗೇ ಇಲ್ಲ ಅಂದಿದ್ದರು ಡಾಕ್ಟರ್. ಹಾಸ್ಟೆಲ್‌ನಲ್ಲಿ ಅಳು ಬಂದಾಗಲೆಲ್ಲ ನಾನು ಅವನ ಪೋಸ್ಟರ್ ನೋಡಿಕೊಂಡೇ ಮಲಗುತ್ತಿದ್ದೆ. ಅವನೇ ಎದ್ದನಲ್ಲ, ನನ್ನದೇನು ಮಹಾ ಅಂತ.

ರೇಸಿನ ಹಿಂದಿನ ಸಂಜೆ ಕೆಫೆಯಲ್ಲಿ ನಮ್ಮ ಫ್ಯಾನ್ ಕ್ಲಬ್‌ನವರ ಜೊತೆ ಫ್ರೈಸ್ ತಿನ್ನುವುದು ಅವನ ಪದ್ಧತಿ. ಇವತ್ತೂ ಬಂದ. ಅವನು ಕುಂಟುತ್ತ ಬರುವಾಗ ಯಾರೂ ಕೈ ಕೊಡಬಾರದು, ನೋಡಲೂಬಾರದು. ಅದು ಕ್ಲಬ್ಬಿನ ರೂಲು. ಎಲ್ಲರೂ ತಮ್ಮ ಬಿಯರ್ ಗ್ಲಾಸನ್ನೇ ನೋಡುತ್ತ ನಿಂತರು.

"ಏನೇ ಯೂನಿವರ್ಸಿಟಿ ಮೇಡಂ, ನಾಳೆ ಗಂಟಲು ಹರಿಯೋ ಹಾಗೆ ಕೂಗ್ಬೇಕು!" ಅಂದರು ನನಗೆ, ಕ್ಲಬ್ ನಡೆಸುವ ರುಡಿ ಮಾಮ.

ನಾನೊಬ್ಬಳೇ ಸ್ಟುಪಿಡ್ ಥರ ರೂಲು ಮರೆತು ನೋಡಿದೆ. ಯೆಲ್ಲೆ ಮೇಜಿನ ಕೆಳಗೆ ಮಯೊನೇಸ್ ಪ್ಯಾಕೆಟ್ ಹರಿಯಲು ಒದ್ದಾಡುತ್ತಿದ್ದ. ಎಡಗೈ ಬೆರಳುಗಳು ಮಡಚುತ್ತಲೇ ಇರಲಿಲ್ಲ. ಪ್ಯಾಕೆಟ್ ನನ್ನ ಕಡೆ ತಳ್ಳಿದ.

"ಹರಿದು ಕೊಡು ಪುಟ್ಟಿ. ರುಡಿಗೇನಾದ್ರೂ ಹೇಳಿದ್ಯೋ, ಇದನ್ನ ನಿನ್ನ ತಲೆ ಮೇಲೇ ಸುರೀತೀನಿ."

ನಕ್ಕ. ನಾನೂ ನಕ್ಕೆ. ಯಾಕೆ ನಕ್ಕೆ?

ಆ ಕೈಯಲ್ಲೇ ಹ್ಯಾಂಡಲ್ ಹಿಡಿಯಬೇಕು, ಆ ಮರಳಿನಲ್ಲಿ, ಅಷ್ಟೆತ್ತರದ ಜಂಪ್‌ಗಳ ಮೇಲೆ. ನಾವು 'ಗ್ಯಾಸ್, ಗ್ಯಾಸ್' ಅಂತ ಕೂಗ್ತೀವಿ, ಇನ್ನೂ ಆಕ್ಸಿಲರೇಟರ್ ಕೊಡು ಅಂತ. ಅವನು ಕೊಡ್ತಾನೆ. ನಮಗೋಸ್ಕರ ಕೊಟ್ಟೇ ಕೊಡ್ತಾನೆ.

ಅವನು ಕೇಳುವುದು ರುಡಿ ಮಾಮನ ಮಾತೊಂದನ್ನೇ. ಆದರೆ ಹೇಳಿದರೆ ಯೆಲ್ಲೆ ಮತ್ತೆ ನನ್ನ ಮುಖ ನೋಡಲ್ಲ.

ಫೋನ್ ಹಚ್ಚಿ ಪಕ್ಕದಲ್ಲಿಟ್ಟಿದ್ದೇನೆ, ರಿಂಗ್ ಆಗ್ತಿದೆ. ಮಾಮ ಎತ್ತದೇ ಇದ್ದರೇ ಒಳ್ಳೇದು ಅಂತಲೂ ಅನ್ನಿಸ್ತಿದೆ. ಎತ್ತಿದರು