ಸೊನ್ನೆಯಿಂದ ನಾಲ್ಕರವರೆಗೆ

ಫೆಬ್ರವರಿ 3, ಸೋಮವಾರ
ಇವತ್ತೂ ಅರ್ಧ ದಿನ ರಜೆ. ಜೀನ್ಸ್ ಹೊಲಿಯುವ ಶೆಡ್ಡಿನ ಮೇಸ್ತ್ರಿ ಗೊಣಗಿದ. ಗೊಣಗಲಿ. ಆಸ್ಪತ್ರೆಗೆ ಹೋದೆ, ಕೌನ್ಸೆಲಿಂಗ್‌ಗೆ.

ಆದಿಲಕ್ಷ್ಮಿ ಮೇಡಂ ಒಂದು ಫಾರಂ ಕೊಟ್ಟರು. ಆಂಧ್ರದ ಆಸ್ಪತ್ರೆಯಲ್ಲವೇ, ತೆಲುಗಿನಲ್ಲಿತ್ತು. ಹೋದ ತಿಂಗಳು ಕೆಟ್ಟ ಕನಸು ಬಿತ್ತೆ? ಸದ್ದಿಗೆ ಬೆಚ್ಚಿದಿರಾ? ಇಲ್ಲವೇ ಇಲ್ಲ ಎಂದರೆ ಸೊನ್ನೆ, ವಿಪರೀತ ಎಂದರೆ ನಾಲ್ಕು. ಎಲ್ಲಕ್ಕೂ ನಾಲ್ಕೇ ಹಾಕಿದೆ.

"ಗಂಡನ್ನ ಸುಡಬೇಕು ಅನ್ನಿಸ್ತೈತಾ ಅಂತ ಇದ್ರಾಗ ಯಾಕ ಕೇಳಿಲ್ರಿ?" ಎಂದೆ.

ಮೇಡಂ ಮಡಕಶಿರಾ ಕಡೆಯವರು, ಕನ್ನಡ ಬರುತ್ತದೆ. ಪೆನ್ನು ಕೆಳಗಿಟ್ಟರು. "ಅನ್ಸುತ್ತೇನಮ್ಮ?"

"ದಿನಾ."

ಅದನ್ನು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ.

ಫೆಬ್ರವರಿ 9, ಭಾನುವಾರ
ಅತ್ತೆ ಮೈಲಾರಮ್ಮ ಕಣೇಕಲ್ಲಿನಿಂದ ಬಂದಿದ್ದರು. ಅದೂ ನಾನಿರುವ ಅಕ್ಕನ ಮನೆಗೇ! ಇವರ ಮಗ, ನನ್ನ ಗಂಡ ತಿಪ್ಪೇಶ ಇಸ್ತ್ರಿಪೆಟ್ಟಿಗೆ ಕಾಯಿಸಿ ನನ್ನ ಬೆನ್ನಿಗಿಟ್ಟಾಗ ಹೊರಗಿನಿಂದ ಚಿಲಕ ಹಾಕಿ ನಿಂತವರು ಇವರೇ.

"ಕೇಸು ವಾಪಸ್ ತಗೋ ತಾಯಿ. ಜೈಲಿಗೆ ಹೋಗ್ತಾನ."

ಕೂರಿಸಿದೆ. ಫಾರಂನ ಪ್ರಶ್ನೆಗಳನ್ನು ಅವರಿಗೇ ಕೇಳಿದೆ. ಅಳಲಿ ಎಂದೇ ಕೇಳಿದ್ದು.

"ನಾ ಕೂಗಿದ್ದು ಕನಸಿನ್ಯಾಗ ಬರ್ತೈತೇನ್ರಿ?"

"ಬರ್ತೈತಿ."

"ಬಾಗ್ಲು ಸದ್ದಾದ್ರ ಬೆಚ್ಚಿ ಬೀಳ್ತೀರೇನ್ರಿ?"

ಅತ್ತೆ ಸೆರಗು ಸರಿಸಿ ಮೊಣಕೈ ತೋರಿಸಿದರು. ಹೊಸ ಗಾಯ, ಸುಟ್ಟದ್ದು. "ನೀ ಹೋದಮ್ಯಾಲ ನನ್ನ ಪಾಳಿ ಬಂತವ್ವ."

ಅಯ್ಯೋ ಅನ್ನಿಸಬೇಕಿತ್ತು. ಹೊಟ್ಟೆ ತಣ್ಣಗಾಯಿತು.

"ಹಂಗಾದ್ರ ಕೋರ್ಟಿಗೆ ಬರ್ರಿ. ಚಿಲಕ ಹಾಕ್ದಾಕಿ ನಾನ ಅಂತ ಹೇಳ್ರಿ" ಎಂದೆ.

ಮಾರ್ಚ್ 20, ಗುರುವಾರ
ಬಂದರು! ಜಡ್ಜ್ ಮುಂದೆ ಎಲ್ಲ ಹೇಳಿದರು — ನನ್ನ ಕೂಗು, ಚಿಲಕ, ತಮ್ಮ ಕೈ. ತಿಪ್ಪೇಶ "ಅವ್ವಾ!" ಎಂದು ಎದ್ದ. ಪೊಲೀಸಿನವನು ಭುಜ ಅದುಮಿದ. ತಿಪ್ಪೇಶ ತಲೆ ತಗ್ಗಿಸಿ ಕೂತ. ಕಣ್ತುಂಬ ನೋಡಿದೆ.

ಏಪ್ರಿಲ್ 8, ಮಂಗಳವಾರ, ಸಂಜೆ
ಏಳು ವರ್ಷ ಶಿಕ್ಷೆ. ಸಾಲದು. ಆದರೂ ಏಳು ವರ್ಷ.

ಕೋರ್ಟಿನ ಹೊರಗೆ ಅತ್ತೆ ಕಾಯುತ್ತಿದ್ದರು. "ಹೆತ್ತ ಮಗನ್ನ ಜೈಲಿಗೆ ಹಾಕ್ಸಿದಾಕಿ ಅಂತ ಊರಾಗ ಯಾರೂ ಮಾತಾಡಿಸವಲ್ರು. ಇವತ್ತೊಂದಿನ ನಿಮ್ಮಲ್ಲಿ ಇರ್ಲೇನವ್ವ?"

ಅಕ್ಕ ಗಂಗಕ್ಕ ನನ್ನ ಮುಖ ನೋಡಿದಳು.

"ಇಲ್ರಿ" ಎಂದೆ. ಆಟೊ ಹತ್ತಿದೆವು. ಅವರು ಅಲ್ಲೇ ನಿಂತಿದ್ದರು. ನಿಲ್ಲಲಿ. ಬೆನ್ನು ಸುಟ್ಟ ಆ ರಾತ್ರಿ ನಾನೂ ಬೀದಿಯಲ್ಲೇ ನಿಂತಿದ್ದೆ.

ಅಕ್ಕ ಈಗ ಚಪ್ಪಲಿ ಮೆಟ್ಟುತ್ತಿದ್ದಾಳೆ. "ನಾ ಹೋಗಿ ಕರ್ಕೊಂಡ್ ಬರ್ತೀನಿ" ಎನ್ನುತ್ತಾಳೆ. ಬೇಡ ಎನ್ನಬೇಕು. ಎಂದೇ ತೀರಬೇಕು. ಬಾಯಿ ಯಾಕೋ ಬರುತ್ತಿಲ್ಲ.