ಕುಂಬಳಕಾಯಿ ಮಹಾರಾಜರ ಮೌನವ್ರತ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಬೋರ್ಡು. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಹೋದವರ ಕಡೆಯವರು ಕಾಯುವ ಹಾಲ್. ಗೋಡೆಯ ಮೇಲೆ ಟಿವಿ, ಟಿವಿಯಲ್ಲಿ ನಮ್ಮ ಆಫೀಸು ಮಾಡಿಕೊಟ್ಟ ಪುಟ. ರೋಗಿಯ ಸಂಖ್ಯೆ, ಪಕ್ಕದಲ್ಲಿ ಸ್ಥಿತಿ: ಸರದಿಯಲ್ಲಿ, ಒಳಗೆ, ವಾರ್ಡಿಗೆ ಬಂದರು. ಇದು ಬಂದಮೇಲೆ ಸಿಸ್ಟರುಗಳು ಬಾಗಿಲಿಗೆ ಬಂದು ಕೂಗುವುದನ್ನೇ ಬಿಟ್ಟಿದ್ದಾರೆ.

ದೂರು ಒಂದೇ. ಮೂವತ್ತು ಸೆಕೆಂಡಿಗೊಮ್ಮೆ ಇಡೀ ಪುಟ ಹೊಸದಾಗಿ ಬರುತ್ತದೆ. ಟಿವಿ ಒಂದು ಗಳಿಗೆ ಬೆಳ್ಳಗೆ. ಕೂತವರೆಲ್ಲ ಎದೆ ಹಿಡಿದುಕೊಳ್ಳುತ್ತಾರೆ.

ಗುರುಗಳು — ನನ್ನ ಸೀನಿಯರ್, ಚಹಾ ಕುಡಿಯದೆ ಉಪದೇಶ ಮಾಡದವರು — ಅಪ್ಪಣೆ ಕೊಡಿಸಿದರು: “ಒಂದು ಕಲೆಗೆ ಇಡೀ ಗೋಡೆಗೆ ಯಾಕಮ್ಮ ಸುಣ್ಣ ಹೊಡೀತೀಯ? ಬದಲಾಗೋ ತುಂಡು ಮಾತ್ರ ತರಿಸು.”

ತಥಾಸ್ತು.

ಮಾರ್ಚ್ 5, ಬುಧವಾರ

ಪಟ್ಟಿಯ ಭಾಗವನ್ನು ಕತ್ತರಿಸಿ ಬೇರೆ ಟೆಂಪ್ಲೇಟ್ ಮಾಡಿದೆ. ಬ್ರೌಸರ್ ಆಗಾಗ ಅದನ್ನಷ್ಟೇ ಕೇಳಬೇಕು, ಫ್ಲಾಸ್ಕ್ (ಚಹಾದ್ದಲ್ಲ, ಸರ್ವರಿನಲ್ಲಿ ಪುಟ ಕಟ್ಟಿಕೊಡುವ ಪೈಥಾನ್ ಸಲಕರಣೆ) ಅದನ್ನಷ್ಟೇ ಕೊಡಬೇಕು. ಆದರೆ ನಾನು ಪೈಥಾನ್ ಫಂಕ್ಷನ್ನಿನಲ್ಲಿ ತುಂಡಿನ ಬದಲು ಪೂರ್ತಿ ಪುಟದ ಹೆಸರನ್ನೇ ಬಿಟ್ಟಿದ್ದೆ. ಪುಟದೊಳಗೆ ಪುಟ, ಆಸ್ಪತ್ರೆಯೊಳಗೆ ಆಸ್ಪತ್ರೆ, ಮೂರು ತಲೆಬರಹ ಒಂದರ ಕೆಳಗೊಂದು...

ಗುರುಗಳು ಬಂದು ನೋಡಿದರು. “ಈರುಳ್ಳಿ ಸುಲೀತಿದ್ದೀಯ?”

“ವಿಶ್ವರೂಪ ದರ್ಶನ ಸರ್. ಕೈ ಮುಗಿದುಕೊಳ್ಳಿ.”

ಅವರು ಕೈ ಮುಗಿಯಲಿಲ್ಲ. ಸಂಜೆಗೆ ಸರಿಯಾಯಿತು. ಈಗ ಸಂಖ್ಯೆಯ ಪಕ್ಕದ ಅಕ್ಷರ ಸದ್ದಿಲ್ಲದೆ ಬದಲಾಗುತ್ತದೆ. ಬಿಳಿ ಮಿಂಚಿಲ್ಲ. ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಮಾರ್ಚ್ 6, ಗುರುವಾರ

ಹತ್ತು ಜನ ಸುಳ್ಳು ರೋಗಿಗಳನ್ನು ತುಂಬಿಸಿ ಪರೀಕ್ಷೆ ಮಾಡಬೇಕೆಂದು ಗುರುವಾಕ್ಯ. ಹತ್ತು ಯಾಕೆ? ಒಬ್ಬರೇ ಸಾಕು, ತೂಕದವರಾದರೆ. ಶ್ರೀಮನ್ಮಹಾರಾಜ ಕುಂಬಳಕಾಯಿಯವರನ್ನು ದಾಖಲಿಸಿಕೊಂಡೆ. ಆಪರೇಷನ್: ಬೀಜ ತೆಗೆಯುವುದು. ವಯಸ್ಸು: ಬಲಿತದ್ದು.

ಜೊತೆಗೊಂದು ಜಾಣತನ. ಸರ್ವರ್ 286 ಎಂಬ ಸಂಕೇತ ಕಳಿಸಿದರೆ ಬ್ರೌಸರ್ ಮತ್ತೆ ಮತ್ತೆ ಕೇಳುವುದನ್ನು ನಿಲ್ಲಿಸುತ್ತದೆ. ರೋಗಿ ವಾರ್ಡಿಗೆ ಬಂದಮೇಲೆ ಇನ್ನೇನು ಕೇಳುವುದು? ‘ವಾರ್ಡಿಗೆ ಬಂದರು’ ಎಂದಾದ ತಕ್ಷಣ 286 ಕಳಿಸುವಂತೆ ಬರೆದೆ. ಮಹಾರಾಜರು ಒಳಗೆ ಹೋದರು, ಬೀಜ ಕಳೆದುಕೊಂಡರು, ವಾರ್ಡಿಗೆ ಚಿತ್ತೈಸಿದರು. ಬೋರ್ಡು ಮೌನವ್ರತ ಹಿಡಿಯಿತು. ಅಮೋಘ.

ಗುರುಗಳಿಗೆ ವರದಿ: “ಪರೀಕ್ಷೆ ಪೂರ್ಣ ಯಶಸ್ವಿ.” ಸುಳ್ಳೇನಲ್ಲ.

ಮಾರ್ಚ್ 12, ಬುಧವಾರ

ಅಪ್ಪನ ಪಿತ್ತಕೋಶದ ಕಲ್ಲಿಗೆ ತಾರೀಕು ಸಿಕ್ಕಿತು. ಹದಿನೆಂಟು. ಅದೇ ಆಸ್ಪತ್ರೆ. ನನ್ನ ಹೊಸ ಪುಟ ಗೋಡೆಗೇರುವುದೂ ಹದಿನೆಂಟಕ್ಕೇ!

ಅಪ್ಪ: “ನಿನ್ನ ಬೋರ್ಡ್ ಓಪನಿಂಗ್‌ಗೆ ನನ್ನ ಹೊಟ್ಟೆ ಓಪನಿಂಗ್. ರಿಬ್ಬನ್ ಯಾರು ಕತ್ತರಿಸ್ತಾರೆ?”

ಅಮ್ಮ ನಗಲಿಲ್ಲ. ಅವರ ಅಣ್ಣ, ಎಂದರೆ ನನ್ನ ಮಾವ, ಇಂಥದೇ ‘ಸಣ್ಣ ಆಪರೇಷನ್’ಗೆ ಒಳಗೆ ಹೋದವರು ಹೊರಗೆ ಬರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನೂ ಎತ್ತಲಿಲ್ಲ.

ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 9.20

ಹಾಲ್‌ನಲ್ಲಿ, ಅಮ್ಮನ ಪಕ್ಕ. ನನ್ನ ಫೋನ್ ಅಮ್ಮನ ಚೀಲದೊಳಗೆ ಬಂಧನದಲ್ಲಿದೆ. (ಡಾಕ್ಟರ್ ದನಿಯಲ್ಲಿ ಅಪ್ಪನಿಗೆ ಫೋನ್ ಮಾಡಿ “ನಾಳೆ ಮೀಸೆ ಬೋಳಿಸಿಕೊಂಡು ಬನ್ನಿ” ಎಂದಿದ್ದೆ. ಅವರು ಬೋಳಿಸಿಬಿಟ್ಟರು.) ಆದ್ದರಿಂದ ಈ ನೋಟ್‌ಬುಕ್ಕೇ ಗತಿ.

ಅಪ್ಪ ಸಂಖ್ಯೆ 4. 9.15ಕ್ಕೆ ‘ಒಳಗೆ’ ಎಂದು ಬಂತು. ಮುಕ್ಕಾಲು ಗಂಟೆಯ ಕೆಲಸ ಅಂತೆ.

“ಈ ಬೋರ್ಡ್ ಮಾಡಿದ್ದು ನಾನೇ ಅಮ್ಮ. ನೋಡು, ಮಿಂಚಲ್ಲ.”

“ಸರಿ, ಸುಮ್ನೆ ಕೂತ್ಕೋ.”

10.05

ಸಂಖ್ಯೆ 1 ವಾರ್ಡಿಗೆ ಬಂದರು. ಅವರ ಮನೆಯವರು ಫ್ಲಾಸ್ಕು, ಬೆಡ್‌ಶೀಟು ಎತ್ತಿಕೊಂಡು ಓಡಿದರು. ಫ್ಲಾಸ್ಕಿನ ಕೆಲಸ ಫ್ಲಾಸ್ಕೇ ಮಾಡಿತು ಅಂದೆ. ಅಮ್ಮ ತಿರುಗಿಯೂ ನೋಡಲಿಲ್ಲ.

11.10

4 — ಒಳಗೆ.

11.35

ಒಳಗೆ. ಅಮ್ಮ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದಾರೆ. ಕೌಂಟರಿನ ಸಿಸ್ಟರನ್ನು ಕೇಳಿದೆ. “ಬೋರ್ಡಲ್ಲಿ ಬರುತ್ತೆ ನೋಡಿ” ಎಂದು ತಾವೂ ತಲೆ ಎತ್ತಿ ಅದೇ ಬೋರ್ಡು ನೋಡಿದರು.

12.05

ಅಮ್ಮ ಈಗಷ್ಟೇ: “ಅಣ್ಣಂದೂ ಹೀಗೇ... ಒಳಗೆ, ಒಳಗೆ ಅಂತಾನೇ ಇದ್ರು.”

ತಮಾಷೆಗಾಗಿ ಬಾಯಿ ತೆರೆದೆ. ಬದಲಿಗೆ ಅವರ ಸೆರಗಿನ ಹಗ್ಗ ಬಿಡಿಸತೊಡಗಿದೆ.

ಸಂಜೆ 6

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಹನ್ನೆರಡೂ ಕಾಲಿಗೆ ಒಬ್ಬ ಮನುಷ್ಯ ಮರೆತುಹೋದ ಕೊಡೆಗಾಗಿ ವಾಪಸ್ ಬಂದ. ಬೋರ್ಡು ನೋಡಿ ಗೊಳ್ಳೆಂದು ನಕ್ಕ. “ಏನ್ರೀ ಇದು! ನಮ್ಮೋಳು 6. ನಾನು ಮೇಲೆ ವಾರ್ಡ್ ಬಾಗಿಲಲ್ಲೇ ಕಾದಿದ್ದೆ. ಆಗಲೇ ವಾರ್ಡಲ್ಲಿ ನೀರು ಕೊಡಿ ಅಂತ ಸಿಸ್ಟರ್‌ಗೆ ದಬಾಯಿಸ್ತಿದ್ದಾಳೆ. ಇಲ್ಲಿ ಇನ್ನೂ ಒಳಗೇ ಇದ್ದಾಳಲ್ಲ!”

ಬೋರ್ಡು ನೋಡಿದೆ. 1 ವಾರ್ಡಿಗೆ. ಉಳಿದವರೆಲ್ಲ 10.05ರಲ್ಲಿ ಎಲ್ಲಿದ್ದರೋ ಅಲ್ಲೇ. ಮೊದಲನೆಯವರು ವಾರ್ಡಿಗೆ ಬಂದ ತಕ್ಷಣ ನನ್ನ 286 ಹೋಗಿದೆ. ನಿಂತದ್ದು ಅವರೊಬ್ಬರ ಸಾಲಲ್ಲ, ಇಡೀ ಪಟ್ಟಿ. ಒಬ್ಬರೇ ಇದ್ದಾಗ ಇದು ಗೊತ್ತಾಗುವುದಾದರೂ ಹೇಗೆ? ಅಯ್ಯೋ ಮಹಾರಾಜರೇ!

“ಅಮ್ಮ, ಫೋನ್ ಕೊಡು.”

“ಈಗ ಆಟ ಬೇಡ ಕಣೇ.”

“ಆಟ ಅಲ್ಲಮ್ಮ. ಆಣೆಗೂ.”

ನನ್ನ ಮುಖ ನೋಡಿ ಕೊಟ್ಟರು. ಪುಟವನ್ನು ಹೊಸದಾಗಿ ತೆರೆದೆ. ಗೋಡೆ ಸುಳ್ಳು ಹೇಳುತ್ತಿತ್ತು, ಸರ್ವರಿಗೆ ನಿಜ ಗೊತ್ತಿತ್ತು: 4 — ವಾರ್ಡಿಗೆ ಬಂದರು, 10.25.

ಅಮ್ಮ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಕುರ್ಚಿಯಲ್ಲೇ ಕುಸಿದು ಅತ್ತರು. ಆಮೇಲೆ ನನ್ನ ಕಿವಿ ಹಿಂಡಿದರು. ಆಮೇಲೆ ಆ ಕಿವಿಯನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.

ಅಪ್ಪ, ಮೀಸೆಯಿಲ್ಲದೆ, ಮಂಚದ ಮೇಲೆ: “ಎರಡು ಗಂಟೆ ಹೊತ್ತಿಂದ ಸೀಲಿಂಗ್ ನೋಡ್ತಾ ಬಿದ್ದಿದ್ದೀನಿ. ಇಬ್ರೂ ಸಿನಿಮಾಗೆ ಹೋಗಿದ್ರಾ?”

ನೆಲದ ಮೇಲೇ ಕೂತುಬಿಟ್ಟೆ. ನಗುವೋ ಅಳುವೋ... ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದವು.

ಕಾರಿಡಾರಿನಿಂದ ಗುರುಗಳಿಗೆ ಫೋನ್. “ಸರ್, ಬೋರ್ಡು ನಿಂತಿದೆ. 286ರ ಸಾಲನ್ನು ಈಗಲೇ ಕಿತ್ತುಹಾಕಿ, ಟಿವಿ ರಿಫ್ರೆಶ್ ಮಾಡಿಸಿ. ಹಾಲ್ ತುಂಬ ಜನ ಕಾಯ್ತಿದ್ದಾರೆ.”

“ಯಾರು ಹಾಕಿದ್ದು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಪದ್ಧತಿ. ನಾನು ಹೆಗಲನ್ನೇ ಮುಂದಿಟ್ಟೆ. “ನಾನೇ ಸರ್. ಹತ್ತು ಜನ ಅಂದಿದ್ರಿ. ಒಬ್ಬರನ್ನೇ ಹಾಕಿದ್ದೆ.”

ಐದು ನಿಮಿಷದಲ್ಲಿ ಬೋರ್ಡು ಸರಿಹೋಯಿತು. ಕೆಳಗಿನ ಹಾಲ್‌ನಿಂದ ಒಮ್ಮೆಗೇ ಮೂರು ಮನೆಯವರು ಮೇಲೆ ಓಡಿ ಬಂದರು. ಅವರ ಮುಖ ನೋಡಲಾಗದೆ ಗೋಡೆಗೆ ತಿರುಗಿ ನಿಂತೆ.

ಮಾರ್ಚ್ 20, ಗುರುವಾರ

ದಂಡನೆ: ನಲವತ್ತು ಸುಳ್ಳು ರೋಗಿಗಳು, ಒಬ್ಬೊಬ್ಬರನ್ನೂ ಕೈಯಾರೆ ಒಳಗೆ ಕಳಿಸಿ ಹೊರಗೆ ತರಬೇಕು. ಇಡೀ ತರಕಾರಿ ಸಂತೆಯನ್ನೇ ದಾಖಲಿಸಿಕೊಂಡೆ. ಬದನೆ, ಹಾಗಲ, ಪಡವಲ... ಎಲ್ಲರೂ ಕ್ಷೇಮವಾಗಿ ವಾರ್ಡಿಗೆ ಬಂದರು. ಗುರುಗಳು ಹೀರೆಕಾಯಿಯ ಹತ್ತಿರ ಸ್ವಲ್ಪ ನಕ್ಕರು. ನೋಡಿದೆ.

ಆಸ್ಪತ್ರೆಗೂ ನಾನೇ ಪತ್ರ ಬರೆದೆ: ಬೋರ್ಡು ಇರಲಿ, ಸಿಸ್ಟರುಗಳು ಬಾಗಿಲಿಗೆ ಬಂದು ಕೂಗುವುದೂ ಇರಲಿ. ಒಪ್ಪಿದ್ದಾರಂತೆ.

ಮಾರ್ಚ್ 24, ಸೋಮವಾರ

ಅಪ್ಪ ಮನೆಗೆ ಬಂದು ಮೂರು ದಿನ. ಗಾಯ ಒಣಗುತ್ತಿದೆ, ಮೀಸೆ ಚಿಗುರುತ್ತಿದೆ. ಕಲ್ಲನ್ನು ಒಂದು ಡಬ್ಬಿಯಲ್ಲಿಟ್ಟು ಬಂದವರಿಗೆಲ್ಲ ಅಲ್ಲಾಡಿಸಿ ಕೇಳಿಸುತ್ತಾರೆ. ನನ್ನ ಫೋನ್ ಇನ್ನೂ ಅಮ್ಮನ ಚೀಲದಲ್ಲೇ, ಆದರೆ ಚೀಲದ ಬಾಯಿ ತೆರೆದಿರುತ್ತದೆ.

ಬೆಳಗಿನಿಂದ ಅಪ್ಪನಿಗೆ ಹತ್ತು ಸಲ ನೀರು, ದಿಂಬು, ಪೇಪರು. ಈಗ ಮತ್ತೆ ಕೂಗುತ್ತಿದ್ದಾರೆ. ಬೋರ್ಡಿಲ್ಲದೆ, ಬರೀ ಬಾಯಲ್ಲಿ. ಇನ್ನೊಂದು ಸಲ ಕೂಗಲಿ ಎಂದು ಬೇಕಂತಲೇ ಕೂತಿದ್ದೇನೆ, ಆ ದನಿ ಕೇಳಲು ಎಷ್ಟು ಚೆನ್ನಾಗಿ... ಬಂದೆ ಅಪ್ಪ, ಬಂದೆ —