ಹೊಳೆವ್ವ ಹೊತ್ತ ಪದ

ಎಪ್ಪತ್ತೇಳನೆಯ ಮೆಟ್ಟಿಲು ಕಂಡ ವರುಷ, ಬೂದಿಗಾಳಿ ತಿಂಗಳ ಹದಿನೇಳನೆಯ ದಿನ.

ಸುಮಿತ್ರಾ ಅಕ್ಕನವರಿಗೆ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಕ್ಷಮಿಸಬೇಕು. ಇದ್ದಿಲಿನ ತುಂಡಿನಿಂದ ಬರೆಯುತ್ತಿದ್ದೇನೆ, ಅಂಗೈ ತಾಗಿದರೆ ಸಾಲು ಅಳಿಸಿಹೋಗುತ್ತದೆ. ನಾನು ಓದಿದ್ದು ನಾಲ್ಕನೆಯ ಈಯತ್ತೆಯವರೆಗೆ. ನಮ್ಮಲ್ಲಿ ಅದರಿಂದ ಮುಂದಕ್ಕೆ ಈಯತ್ತೆಯೇ ಇಲ್ಲ. ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಾಣಬಹುದು. ನಾವು ವಿಜಾಪುರದ ಒಂದು ಹಳೆಯ ಬಾವಡಿಯಲ್ಲಿ, ಅಂದರೆ ಮೆಟ್ಟಿಲುಗಳಿರುವ ದೊಡ್ಡ ಬಾವಿಯ ಸುತ್ತಲಿನ ಕಲ್ಲಿನ ಕಮಾನುಗಳಲ್ಲಿ ವಾಸವಾಗಿದ್ದೇವೆ. ನೀರು ಇಳಿದು ಹೊಸ ಮೆಟ್ಟಿಲು ಕಂಡರೆ ನಮಗೆ ಹೊಸ ವರುಷ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ತೊಂಬತ್ತರ ಆಚೆ ಈಚೆ ಎಂದು ದಾವಲಸಾಬ ಮಾಸ್ತರರು ಹೇಳುತ್ತಾರೆ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಿರಿಯರು. ಆದರೆ ನಿಮ್ಮ ಬರವಣಿಗೆ ಏಳನೆಯ ಈಯತ್ತೆಯ ಹುಡುಗಿಯದು, ಆದ್ದರಿಂದ ಅಕ್ಕ ಎಂದೆ.

ನಿಮ್ಮ ಪುಸ್ತಕ ನಮ್ಮ ಹತ್ತಿರ ಇದೆ. 'ಮಾಲಿನ್ಯ ಮತ್ತು ಹವಾಮಾನ: ಕಲಿಯುವವರಿಗೆ ಇನ್ನೂರ ಹನ್ನೆರಡು ಇಂಗ್ಲಿಷ್ ಪದಗಳು.' ಒಳಗೆ ನಿಮ್ಮ ಹೆಸರು, ಸುಮಿತ್ರಾ ಕೋಟ್ಯಾಳ, ಏಳನೆಯ ಈಯತ್ತೆ. ನಮ್ಮ ಶಾಲೆಗೆ ಇರುವುದು ಇದೊಂದೇ ಪುಸ್ತಕ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡದಲ್ಲಿ ಅದರ ಉಚ್ಚಾರ, ಬಲಕ್ಕೆ ಅರ್ಥ, ಕೆಳಗೆ ಸ್ವಂತ ವಾಕ್ಯಕ್ಕೆ ಒಂದು ಖಾಲಿ ಗೆರೆ. ಆ ಗೆರೆಗಳ ಮೇಲೆ ನೀವು ಪೆನ್ಸಿಲಿನಿಂದ ಬರೆದಿದ್ದೀರಿ. ಪೊಲ್ಯೂಶನ್: ಮಾಲಿನ್ಯ ಕೆಟ್ಟದ್ದು. ಡ್ರಾಟ್: ಬರ ಕೆಟ್ಟದ್ದು. ಫ್ಲಡ್: ಪ್ರವಾಹ ಕೆಟ್ಟದ್ದು. ನಾಲ್ಕನೆಯ ಪುಟಕ್ಕೆ ನಿಮಗೆ ಬೇಸರ ಬಂದಿರಬೇಕು, ಮಲಗಿದ ಬೆಕ್ಕಿನ ಚಿತ್ರ ಬರೆದಿದ್ದೀರಿ. ನಮ್ಮ ಮಕ್ಕಳು ಬೆಕ್ಕು ಎಂದರೆ ಅದೇ ಎಂದು ತಿಳಿದಿದ್ದಾರೆ, ಯಾವಾಗಲೂ ಮಲಗಿರುವುದು. ಕೊನೆಯ ಪುಟದಲ್ಲಿ ಮಾತ್ರ ಒಂದು ಬೇರೆ ಥರದ ಸಾಲು ಇದೆ. ಡ್ಯೂ, ಇಬ್ಬನಿ: 'ಇವತ್ತು ಇಬ್ಬನಿಯಿಂದ ನನ್ನ ಚಪ್ಪಲಿ ತೊಯ್ದವು. ಅವ್ವ ಬೈದಳು.'

ಇಡೀ ಪುಸ್ತಕದಲ್ಲಿ ನಿಮಗೆ ನಿಜವಾಗಿ ನಡೆದದ್ದು ಅದೊಂದೇ. ನನ್ನ ತಂಗಿ ಹೊಳೆವ್ವನಿಗೆ ಅದು ಬಾಯಿಪಾಠವಾಗಿತ್ತು.

ನಮ್ಮ ದಿನ ಹೇಗಿರುತ್ತದೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ನೀರು ಸೇದುತ್ತೇವೆ. ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ತಂಬಿಗೆ, ಅದಕ್ಕೆ ಬಾಯಿಪಾಲು ಎನ್ನುತ್ತೇವೆ. ಬಿಸಿಲು ಏರಿದಂತೆ ನೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತದೆ, ನಾವೂ ಸುತ್ತಿಗೆ, ಸೂಜಿ, ಕೂಸುಗಳ ಸಮೇತ ಅದರ ಜೊತೆ ಇಳಿಯುತ್ತೇವೆ. ಅದು ನೆರಳುಪಾಳಿ. ಮಧ್ಯಾಹ್ನ ಎಲ್ಲರೂ ನೀರಿನ ಅಂಚಿನಲ್ಲಿ ಒತ್ತಿಕೊಂಡು ಕೂತಿರುತ್ತೇವೆ, ಆಗ ಜಗಳ ಜಾಸ್ತಿ. ಬೂದಿಗಾಳಿ ಬೀಸುವ ತಿಂಗಳಲ್ಲಿ ಕಮಾನುಗಳಿಗೆ ಹಸಿ ಗೋಣಿತಟ್ಟು ಕಟ್ಟುತ್ತೇವೆ. ಆದರೂ ಎದೆಗೆ ಸೇರುತ್ತದೆ. ನಮ್ಮವ್ವ ಅದರಿಂದಲೇ ಹೋದಳು. ಹೊಳೆವ್ವನಿಗೂ ಆರು ವರುಷಕ್ಕೇ ಆ ಕೆಮ್ಮು ಹತ್ತಿತು. ಅದು ಹತ್ತಿದವರು ಎರಡು ಮೂರು ವರುಷ ಇರುತ್ತಾರೆ.

ಎಂಟು ತುಂಬಿದ ಮಗುವಿಗೆ ನಾವು ಒಂದು ಪದ ಹೊರಿಸುತ್ತೇವೆ. ಪುಸ್ತಕದ ಹಾಳೆಗಳು ಪುಡಿಯಾಗುತ್ತಿವೆ. ಹಾಳೆ ಹೋದರೂ ಪದ ಯಾರದಾದರೂ ಬಾಯಲ್ಲಿ ಉಳಿಯಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಇದು. ಪದ ಹೊರುವವರು ಆ ವಸ್ತುವನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ಮುಟ್ಟಿರಬೇಕು. ಇಲ್ಲದ್ದರ ಹೆಸರು ಹೇಳಿ ಮಕ್ಕಳಿಗೆ ಆಸೆ ಹಚ್ಚಬಾರದು ಎನ್ನುತ್ತಾರೆ. ಧೂಳು, ಹೊಗೆ, ಬರದಂಥ ಪದಗಳಿಗೆ ಕೊಡುವವರು ಬೇಕಾಗಿಲ್ಲ, ಕಣ್ಣು ಬಿಟ್ಟರೆ ಸಿಗುತ್ತವೆ. ನನ್ನದು ಆ್ಯಶ್, ಬೂದಿ. ಕೊನೆಯ ಪುಟದಲ್ಲಿರುವ, ಈಗ ಕಾಣಲು ಸಿಗದ ವಸ್ತುಗಳ ಪದಗಳನ್ನು ಮಾತ್ರ ಹೊತ್ತವರಿಂದಲೇ ಪಡೆಯಬೇಕು, ಕೊಟ್ಟವರು ಮತ್ತೆ ಅದನ್ನು ತಿರುಗಿ ಪಡೆಯುವಂತಿಲ್ಲ. ಹೊತ್ತವರು ಯಾರೂ ಉಳಿಯದಿದ್ದರೆ ಪುಸ್ತಕದಲ್ಲಿ ಆ ಪದದ ಮೇಲೆ ಇದ್ದಿಲಿನ ಗೆರೆ ಎಳೆಯುತ್ತೇವೆ. ಕೊನೆಯ ಪುಟ ಈಗ ಬಹುತೇಕ ಕಪ್ಪಾಗಿದೆ.

ಹೊಳೆವ್ವನಿಗೆ ಎಂಟು ತುಂಬಿದ ದಿನ ಮಾಸ್ತರರು ನಮ್ಮ ಕಮಾನಿಗೆ ಬಂದರು. "ಡಸ್ಟ್ ತೊಗೊ ಕೂಸ. ಸಣ್ಣ ಪದ, ಹಗೂರ ಐತಿ," ಎಂದರು.

"ಒಲ್ಲೆರಿ ಮಾಸ್ತರ್ರ. ಅದು ಎದಿಯಾಗ ಬಂದ ಕುಂತೈತಿ. ಬಾಯಾಗೂ ಯಾಕ್ರಿ?"

ಮಾಸ್ತರರು ನಕ್ಕರು, ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡರು. "ಹಂಗಾರ ಯಾವ್ದು ಬೇಕು ನಿನಗ?"

"ಡ್ಯೂ. ಚಪ್ಪಲಿ ತೋಯಿಸೂದು."

ಡ್ಯೂ ಹೊತ್ತವಳು ಪಕ್ಕದ ಕಮಾನಿನ ಮುದುಕಿ, ತಿಪ್ಪವ್ವ ಆಯಿ ಒಬ್ಬಳೇ. ಐದು ವರುಷದವಳಿದ್ದಾಗ ಒಂದು ಬೆಳಿಗ್ಗೆ ಅದನ್ನು ಕಂಡಿದ್ದಳಂತೆ. ಈಗ ಅವಳ ಎರಡೂ ಕಣ್ಣಿಗೆ ಪೊರೆ. "ಕಾಣಲಾರದ್ದು ಕೊಡಾಕ ಬರಂಗಿಲ್ಲ ನನ ಕೂಸ. ನೀ ಕಂಡ ದಿನ ಕೊಡ್ತೀನಿ," ಎಂದಳು. ಅಂದಿನಿಂದ ಹೊಳೆವ್ವ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನೀರು ಸೇದುವ ಕಟ್ಟೆಗೆ ಹೋಗುತ್ತಿದ್ದಳು. ಅಲ್ಲಿ ಕಲ್ಲಿನ ಸಂದಿಯಲ್ಲಿ ಅಂಗೈಯಷ್ಟು ಕರಿಕೆ ಹುಲ್ಲು ಇದೆ. ಮುಟ್ಟಿ ನೋಡಿ, "ಇವತ್ತ ಇಲ್ಲ," ಎಂದು ಬಂದು ಮಲಗುತ್ತಿದ್ದಳು. ಆಮೇಲೆ ನಡೆಯಲು ಆಗಲಿಲ್ಲ. ಆಗ ನನ್ನನ್ನು ಕಳಿಸುತ್ತಿದ್ದಳು.

ಅಕ್ಕ, ನಾನು ಮೋಸ ಮಾಡಿದೆ. ನನ್ನ ಬಾಯಿಪಾಲಿನಲ್ಲಿ ಒಂದು ತಂಬಿಗೆ ಉಳಿಸಿ, ಬೆಳಗಾಗುವ ಮುಂಚೆ ಆ ಕರಿಕೆಯ ಮೇಲೆ ಬೆರಳಿನಿಂದ ಹನಿ ಹನಿಯಾಗಿ ಚಿಮುಕಿಸಿದೆ. ಹೊಳೆವ್ವನನ್ನು ಸೊಂಟದ ಮೇಲೆ ಹೊತ್ತು ತಂದೆ. ಆಯಿಯನ್ನು ಕೈಹಿಡಿದು ಕರೆತಂದೆ. ಆಯಿ ಹುಲ್ಲು ಸವರಿದಳು, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡಳು. ನಮ್ಮ ಬಾವಡಿಯ ನೀರು ಸವುಳು, ನಾಲಿಗೆಗೆ ಉಪ್ಪುಪ್ಪು, ಕುರುಡರಿಗೂ ಗುರುತು ಸಿಗುತ್ತದೆ. ಆಯಿ ನನ್ನ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅದ ಐತೆವಾ. ಸಿಹಿ ಐತಿ," ಎಂದಳು. ಮೂರು ಸಲ ಪದ ಹೇಳಿಸಿ ಹೊಳೆವ್ವನಿಗೆ ಹೊರಿಸಿದಳು.

ಹೊಳೆವ್ವ ನನ್ನ ಸೊಂಟದಿಂದ ಜಾರಿ ಇಳಿದು, ಟೈರಿನ ಚಪ್ಪಲಿ ಹಾಕಿದ ಎರಡೂ ಕಾಲನ್ನು ಆ ಹುಲ್ಲಿನ ಮೇಲೆ ಇಟ್ಟಳು. "ಅಕ್ಕಾ, ತೊಯ್ದ್ವು! ಈಗ ಬೈಯಿ ನನಗ."

"ಯಾಕ ಬೈಲಿ?"

"ಪುಸ್ತಕದಾಗ ಐತಿ. ತೊಯ್ದ ಮ್ಯಾಲ ಬೈಬೇಕು. ಅವ್ವ ಇಲ್ಲಲ್ಲ, ನೀನ ಬೈಯಿ."

ಅವಳನ್ನು ಮತ್ತೆ ಸೊಂಟಕ್ಕೆ ಎತ್ತಿಕೊಂಡೆ. "ನಾಳೆ ಬೈತೀನಿ," ಎಂದೆ.

"ಮರೀಬ್ಯಾಡ ಮತ್ತ."

ಒಂಬತ್ತು ದಿನ ಅವಳು ಆ ಪದ ಹೊತ್ತಳು. ಬಂದವರನ್ನೆಲ್ಲ, "ನಿಮ್ದ ಯಾವ ಪದರಿ? ನಂದು ಡ್ಯೂ," ಎಂದು ಕೇಳಿ ಹೊಟ್ಟೆಕಿಚ್ಚು ಹಚ್ಚಿದಳು. ದಿನಾ ನನಗೆ ಬೈಗುಳ ನೆನಪಿಸಿದಳು. ದಿನಾ ನಾನು ನಾಳೆ ಎಂದೆ. ಹತ್ತನೆಯ ದಿನ ಕೇಳಲಿಲ್ಲ.

ನಿನ್ನೆ, ಅವಳು ಹೋದ ಮೇಲಿನ ದಿನಕರ್ಮ ಮುಗಿಯಿತು. ಮಾಸ್ತರರು ಪುಸ್ತಕವನ್ನೂ ಈ ಇದ್ದಿಲನ್ನೂ ನನ್ನ ಕೈಗೆ ಕೊಟ್ಟರು. ಗೆರೆ ಎಳೆಯುವುದು ಮನೆಯವರ ಕೆಲಸ. ನಾನು ಮೋಸ ಮಾಡದಿದ್ದರೆ ಪದ ಆಯಿಯ ಬಾಯಲ್ಲಿ ಇನ್ನೂ ಇರುತ್ತಿತ್ತು. ಅದನ್ನು ಹೇಳಿ ಆಯಿಯ ಕಾಲು ಹಿಡಿದೆ. "ಅರವತ್ತ ವರ್ಷ ನನ್ನ ಬಾಯಾಗ ಸುಮ್ನ ಕುಂತಿತ್ತು. ಅಕಿ ಬಾಯಾಗ ಒಂಬತ್ತ ದಿನ ಆಡ್ತು. ಅಳಬ್ಯಾಡ," ಎಂದಳು. ಆದರೂ ಅಳು ಬಂತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟದ್ದು ಎಂದು ಬರೆದು ಪುಟ ತಿರುವಿದಿರಿ. ಆ ವಯಸ್ಸಿನಲ್ಲಿ ನಾನಾದರೂ ಅಷ್ಟೇ ಮಾಡುತ್ತಿದ್ದೆ. ದೊಡ್ಡವರು ಪುಟ ತಿರುವಬಾರದಿತ್ತು. ನಾನು ಕೇಳುವುದು ಇಷ್ಟೇ. ನಿಮ್ಮ ಇಬ್ಬನಿಯ ಸಾಲಿನ ಕೆಳಗೆ ಇನ್ನೂ ಜಾಗವಿದೆ, ಇನ್ನೆರಡು ಸಾಲು ಬರೆಯಿರಿ. ಅದು ಎಷ್ಟು ತಣ್ಣಗಿತ್ತು? ಬಿಸಿಲು ಬಂದ ಮೇಲೆ ಎಷ್ಟು ಹೊತ್ತು ಉಳಿಯಿತು? ಅವ್ವ ಏನೆಂದು ಬೈದಳು? ನನಗೆ ಆ ಮಾತು ಬೇಕಾಗಿತ್ತು.

ಡ್ಯೂ ಮೇಲೆ ಎಳೆಯುವ ಗೆರೆಗೆ ಉಳಿಯದಿರಲಿ ಎಂದು ಇದ್ದಿಲನ್ನು ಈ ಪತ್ರಕ್ಕೆ ಸವೆಸುತ್ತಿದ್ದೇನೆ. ಮಾಸ್ತರರಿಗೆ ಗೊತ್ತಾದರೆ ಬೇರೆ ತುಂಡು ಕೊಟ್ಟಾರು. ಪತ್ರವನ್ನು ನಿಮ್ಮ ಪುಟದೊಳಗೆ ಇಡುತ್ತೇನೆ, ನನಗೆ ಬೇರೆ ದಾರಿ ತಿಳಿಯದು.

ಇವತ್ತು ಬೆಳಿಗ್ಗೆ ಒಂದು ತಂಬಿಗೆ ನೀರು ಒಯ್ದು ಕರಿಕೆಯ ಮೇಲೆ ಚಿಮುಕಿಸಿದೆ. ಹೊಳೆವ್ವನ ಚಪ್ಪಲಿಗಳನ್ನು ಅದರ ಮೇಲೆ ಇಟ್ಟು, ಅವು ತೊಯ್ಯುವವರೆಗೆ ಕಾದೆ. ಆಮೇಲೆ, "ಎಷ್ಟ ಸಲ ಹೇಳಬೇಕ ನಿನಗ, ಹಸಿ ಹುಲ್ಲಿನ್ಯಾಗ ಆಡಬ್ಯಾಡ ಅಂತ?" ಎಂದು ಬೈದೆ. ಚಪ್ಪಲಿ ಒರೆಸಿ ಒಳಗೆ ಇಟ್ಟೆ.

ಶಾವಂತ್ರಿ